ಮೀಟರಿನ ಮುಂದೆ ನಿಲ್ಲುವವಳು

"ಟೀವಿ ಆರಿಸಿದರ ಸಾಲೂದಿಲ್ಲ, ಗ್ವಾಡಿ ಸ್ವಿಚ್ಚೂ ಆರಿಸಬೇಕು. ಆ ಕೆಂಪು ದೀಪ ಇರೂತನಕ ಕರೆಂಟ್ ತಿನ್ನತೈತಿ. ವೈಶಾಲಿ ಹೇಳ್ಯಾಳ."

ಮಾದೇವಿಯ ಹಂಚಿನ ಮೇಲೆ ರೊಟ್ಟಿ ಸೀದಿತು. ಮೊನ್ನೆ ಮಿಕ್ಸರ್, ನಿನ್ನೆ ಚಾರ್ಜರ್, ಇಂದು ಟೀವಿ. ಗಂಡ ಚಿದಾನಂದ ಕಿತ್ತಿಡುವ ಪ್ರತಿ ಪ್ಲಗ್ಗಿನೊಡನೆ ಆ ಹೆಸರೂ ಮನೆಯೊಳಗೆ ಬರುತ್ತಿತ್ತು.

"ಮತ್ತೇನೇನು ಆರಿಸಾಕ ಹೇಳ್ಯಾಳ ನಿಮ್ಮ ವೈಶಾಲಿ? ನನ್ನ ಬಾಯಿ?"

"ಅದಕ್ಕ ಸ್ವಿಚ್ಚ ಇಲ್ಲಲೇ," ಎಂದು ನಕ್ಕು ಹೊರಟುಹೋದ.

ರಬಕವಿಯ ಸೀರೆ ವ್ಯಾಪಾರಿ ಶಿದ್ರಾಮಪ್ಪನವರ ಕಚೇರಿಯಲ್ಲಿ ಅವನು ಮ್ಯಾನೇಜರ್. ವೈಶಾಲಿ ಅಲ್ಲಿನ ಕಂಪ್ಯೂಟರಿನಲ್ಲಿ ಸೀರೆಯಂಚಿನ ವಿನ್ಯಾಸ ಬಿಡಿಸುವ, ತೇರದಾಳದ ಚೆಲುವೆ. ಈಚೆಗೆ ಉಳಿದವರೆಲ್ಲ ಹೊರಟ ಮೇಲೂ ಅವರಿಬ್ಬರು ಅಲ್ಲಿಯೇ ಇರುತ್ತಿದ್ದರು. ಪಕ್ಕದ ಮನೆಯ ಸಾವಕ್ಕ ಉರಿಗೆ ಎಣ್ಣೆ ಸುರಿದಳು: "ದೀಪಾ ಆರಿಸ್ಕೊಂಡು ಇರ್ತಾರಂತ ನೋಡವಾ!"

ಮರುದಿನ ಮುಚ್ಚಂಜೆ ಮಾದೇವಿ ಕಚೇರಿಯ ಮೆಟ್ಟಿಲೇರಿದಳು. ಬಾಗಿಲು ಓರೆಯಾಗಿತ್ತು; ಒಳಗೆ ಕತ್ತಲೆ.

"ಈಗ?" ಗಂಡನ ದನಿ.

"ಇನ್ನೂ ಇಲ್ರಿ. ಸ್ವಲ್ಪ ತಡೀರಿ."

ಅವಳು ಬಾಗಿಲನ್ನು ದೂಡಿದಳು. "ಯಾಕ ತಡೀಬೇಕು? ನನ್ನ ಮುಂದನ ಆಗಲಿ!"

ವೈಶಾಲಿ ಬಾಗಿಲ ಬಳಿಯ ಮೀಟರಿಗೆ ಕಣ್ಣು ನೆಟ್ಟು ನಿಂತಿದ್ದಳು. ಚಿದಾನಂದ ಆಚೆ ತುದಿಯಲ್ಲಿ, ಮೇಜಿನಡಿ, ಪ್ರಿಂಟರಿನ ವೈರು ಹಿಡಿದು ಮೊಣಕಾಲೂರಿದ್ದ.

"ದೀಪದ ಸ್ವಿಚ್ಚ ಮುಟ್ಟಬ್ಯಾಡಲೇ!" ಎಂದು ಕೂಗಿದ. "ಎಲ್ಲಾ ಬಂದ್ ಮಾಡಿದರೂ ಮೀಟರಿನ ಕೆಂಪು ದೀಪ ಮಿಣುಕಾಕತ್ತೈತಿ. ಯಾವುದು ಕರೆಂಟ್ ಎಳೀತೈತಿ ಅಂತ ಹುಡುಕಾಕ ಸಾಹುಕಾರ್ರು ಹೇಳ್ಯಾರ. ಒಬ್ಬರು ಪ್ಲಗ್ ಕೀಳಬೇಕು, ಒಬ್ಬರು ಮೀಟರ್ ನೋಡಬೇಕು."

ತಪ್ಪೇನೂ ಕಾಣಲಿಲ್ಲ. ಆದರೂ ಹೊಟ್ಟೆಯುರಿ ಆರಲಿಲ್ಲ. ವೈಶಾಲಿ 'ಇಲ್ರಿ' ಎಂದರೆ ಸಾಕು, ಅವನ ಕೈ ಮುಂದಿನ ಪ್ಲಗ್ಗಿಗೆ ಹೋಗುತ್ತಿತ್ತು. ಮದುವೆಯಾದಂದಿನಿಂದ ತನ್ನ ಒಂದು ಮಾತಿಗೆ ಅವನು ಹೀಗೆ ಉಸಿರು ಬಿಗಿಹಿಡಿದು ಕಾದದ್ದುಂಟೇ? ಆ ಕಾಯುವಿಕೆ ಇನ್ನೊಬ್ಬಳ ಪಾಲಾಗುವುದನ್ನು ಅವಳು ಸಹಿಸಲಾರದಾದಳು.

"ತಂಗಿ, ನಿನ್ನ ಬಸ್ಸು?"

"ದಿನಾ ತಪ್ಪತೈತ್ರಿ ಅಕ್ಕಾರ. ಮನ್ಯಾಗ ಬೈಸ್ಕೊಂಡು ಸಾಕಾಗೈತಿ."

"ನೀ ನಡಿ ಹಂಗಾರ. ಮೀಟರ್ ಮುಂದ ನಾ ನಿಂದರ್ತೇನಿ."

"ನಿನಗೇನ ತಿಳೀತೈತಿ?" ಎಂದ ಚಿದಾನಂದ.

"ಕೆಂಪು ದೀಪ ನೋಡಾಕ ಡಿಗ್ರಿ ಬೇಕೇನ್ರಿ?"

ವೈಶಾಲಿ ಆಗಲೇ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದಳು.

ಚಿದಾನಂದ ನೀರಿನ ಕೂಲರಿನ ಪ್ಲಗ್ಗು ಕಿತ್ತ. ಮಾದೇವಿ ಮೀಟರಿಗೆ ಮುಖವಿಟ್ಟು ಕಾದಳು. ಹೊರಗೆ ಬೀದಿಯಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಎಷ್ಟು ಹೊತ್ತಾದರೂ ದೀಪ ಮಿಣುಕಲಿಲ್ಲ. ಕರೆಂಟಿನ ಕಳ್ಳ ಸಿಕ್ಕಿಬಿದ್ದಿದ್ದ.

"ಮಾದೇವಿ," ಎಂದು ಕತ್ತಲೆಯಿಂದ ಅವನು ಕರೆದ. ಮನೆಯಲ್ಲೆಂದೂ ಅವನ ಬಾಯಿಗೆ ಬಾರದ ಹೆಸರು. "ಏನಾತು? ಹೇಳ."

ಅವಳು ಮೀಟರಿನಿಂದ ಕಣ್ಣು ಕೀಳಲಿಲ್ಲ.

"ಇನ್ನೂ ಮಿಣುಕತೈತ್ರಿ. ಇದು ಇವತ್ತಿಗೆ ಮುಗಿಯೂ ಕೆಲಸಲ್ಲ. ನಾಳೆನೂ ಬರ್ತೇನಿ."