ಉಳಿದ ಸಾಮಾನು

ಮನೆ ಅರ್ಧ ಖಾಲಿಯಾದ ಮೇಲೆ ದನಿಗಳು ದೊಡ್ಡವಾದವು. ಫೋನಿನೊಳಗಿಂದ ಟೀಚರು "ಎಲ್ಲರೂ ಮ್ಯೂಟ್ ಮಾಡಿ" ಅಂದದ್ದು ಗೋಡೆಗೆ ಬಡಿದು ವಾಪಸ್ಸು ಬಂತು. ಎರಡನೇ ಕ್ಲಾಸಿನ ಅಜರುದ್ದೀನ್ ಸುತ್ತಿಟ್ಟ ಹಾಸಿಗೆಯ ಮೇಲೆ ಕೂತಿದ್ದ. ಅವನ ಬೆನ್ನ ಹಿಂದೆ ನಿನ್ನೆಯವರೆಗೆ ಕಪಾಟು ಇತ್ತು. ಈಗ ಅಲ್ಲಿ ಕಪಾಟಿನ ಅಳತೆಯ ಬಿಳಿ ಗೋಡೆ.

"ಮುಗೀತೇನಲೇ?" ಶಬಾನಾ ಅಡುಗೆಮನೆಯಿಂದ ಕೂಗಿದಳು.

"ಇನ್ನಾ ಹಾಜರಿನ ಕರದಿಲ್ಲಮ್ಮ."

"ಮುಗದ ಕೂಡ್ಲೆ ಅಕ್ಕನ ಕೈಯಾಗ ಕೊಡು. ಆಟ ಆಡಿದ್ರ ಬೆನ್ನು ಮುರೀತೀನಿ."

ಇಡೀ ಮನೆಗೆ ಇದ್ದ ದೊಡ್ಡ ಫೋನು ಅದೊಂದೇ. ಕೊರೊನಾದಿಂದ ಶಾಲೆ ಮುಚ್ಚಿದಾಗಿನಿಂದ ಅದು ಬೆಳಿಗ್ಗೆ ಮಗಳಿಗೆ, ಮಧ್ಯಾಹ್ನ ಮಗನಿಗೆ. ಕ್ಲಾಸಿನ ನಡುವೆ ಕರೆ ಬಂದರೆ ಪಾಠ ನಿಂತುಹೋಗುತ್ತಿತ್ತು, ಟೀಚರು ಬಯ್ಯುತ್ತಿದ್ದರು. ಹಾಗಾಗಿ ಶಬಾನಾ ಮಗನಿಗೆ ಕಲಿಸಿಟ್ಟಿದ್ದಳು: ಯಾರೇ ಫೋನ್ ಮಾಡಲಿ, ಕೆಂಪು ಗುಂಡಿ ಒತ್ತು.

ಅವಳ ಗಂಡ ಮುಸ್ತಾಕ್ ಇದೇ ಊರಿನ ಬ್ರೂಸ್‌ಪೇಟೆಯಲ್ಲಿ ಜೀನ್ಸ್ ಪ್ಯಾಂಟಿನ ಕಟಿಂಗ್ ಮಾಸ್ತರನಾಗಿದ್ದ. ಆ ಕೆಲಸ ನಿಂತಿತು. ಈಗ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ವಾಸ ಕುರುಗೋಡಿನಲ್ಲಿ, ಅವನ ಅಕ್ಕನ ಮನೆಯ ಪಕ್ಕ. ಮೊದಲ ಲೋಡಿನ ಜೊತೆ ಅವನು ಬೆಳಿಗ್ಗೆಯೇ ಹೋಗಿದ್ದ. ಅವನ ತಾಯಿ ಮಾಬುಬೀ, ಹೊಸ ಮನೆಗೆ ಮೊದಲು ಹೋಗಬೇಕಾದ ಕುರಾನು, ಉಪ್ಪು, ಹೊಸ ಕಸಬರಿಗೆ ಮೂರನ್ನೂ ಅವನ ತೊಡೆಯ ಮೇಲೆಯೇ ಇಟ್ಟು ಕಳಿಸಿದ್ದಳು.

ಎಲ್ಲರೂ ಆಗಲೇ ಹೋಗಬಹುದಿತ್ತು. ಹೋಗದಿದ್ದದ್ದು ಮಗಳು ಖುಷ್ಬೂಗಾಗಿ. ಇದೇ ಊರಂಚಿನ ಹೆಣ್ಣುಮಕ್ಕಳ ವಸತಿ ಶಾಲೆಯೊಂದರಲ್ಲಿ ಎಂಟನೇ ಕ್ಲಾಸಿಗೆ ಅವಳ ಸಂದರ್ಶನ ಇವತ್ತೇ, ವಿಡಿಯೊದಲ್ಲಿ. "ಮಧ್ಯಾಹ್ನದ ಮೇಲೆ ಕರೆಯುತ್ತೇವೆ. ಎತ್ತದಿದ್ದರೆ ಮುಂದಿನವರಿಗೆ" ಎಂದು ಸಂದೇಶ ಬಂದಿತ್ತು. ಕುರುಗೋಡಿನ ಆ ಕಲ್ಲುಗೋಡೆಯ ಮನೆಯೊಳಗೆ ಸಿಗ್ನಲ್ ಬರುವುದಿಲ್ಲ; ಮಾಳಿಗೆ ಹತ್ತಬೇಕು, ಕರೆ ಯಾವ ಗಳಿಗೆಗೆ ಬರುತ್ತದೋ ಗೊತ್ತಿಲ್ಲ. ಸೀಟು ಸಿಗದಿದ್ದರೆ ಏನು ಎಂಬುದನ್ನು ಮುಸ್ತಾಕ್ ಊಟ ಮಾಡುತ್ತಾ ಹೇಳಿ ಮುಗಿಸಿದ್ದ: "ನಮ್ಮಕ್ಕನ ಮನ್ಯಾಗ ಒಂದು ಹೊಲಿಗಿ ಮಿಶಿನ್ ಸುಮ್ನ ಕುಂತೈತಿ. ಹುಡುಗಿ ಕುಂದ್ರಲಿ."

ಅವನು ಸಿಟ್ಟಿನಿಂದ ಹೇಳಿದ್ದರೆ ಶಬಾನಾ ಜಗಳವಾಡಬಹುದಿತ್ತು.

ಇನ್ನೊಂದು ಗಡುವು ಆಕಾಶದಲ್ಲಿತ್ತು. ಇವತ್ತು ಸಂಜೆ ಸಫರ್ ತಿಂಗಳ ಚಂದ್ರ ಕಂಡರೆ ತೇರಾ ತೇಜಿ ಶುರು. ಆ ಹದಿಮೂರು ದಿನ ಮಾಬುಬೀಯ ಕಡೆಯವರು ಮದುವೆ ಮಾಡುವುದಿಲ್ಲ, ಹೊಸ ಮನೆಗೆ ಕಾಲಿಡುವುದಿಲ್ಲ. ಇತ್ತ ಈ ಮನೆಗೆ ನಾಳೆ ಬೆಳಿಗ್ಗೆ ಬೇರೆಯವರು ಬರುತ್ತಾರೆ.

"ಹೊತ್ತು ವಾಲಾಕತ್ತೇತಿ ಶಬಾನಾ," ಹೊಸ್ತಿಲ ಮೇಲೆ ಕೂತ ಮಾಬುಬೀ ಅಂದಳು.

"ಗೊತ್ತೈತ್ರಿ ಅತ್ತಿ."

"ಗೊತ್ತಿದ್ರ ಸೂರ್ಯ ನಿಂತಾನೇನು?"

ಲಗೇಜ್ ಆಟೊದ ಹುಲುಗೇಶ್ ಒಳಗೆ ಇಣುಕಿದ. "ಅಕ್ಕಾ, ಮಂಚಕ್ಕ ಒಂದು ಕೈ ಹಚ್ಚರಿ. ಒಬ್ಬನ ಎತ್ತಿದ್ರ ಮಂಚದ ಜೊತಿ ನನ್ನೂ ಹೊತ್ಕೊಂಡು ಹೋಗ್ಬೇಕಾಗ್ತದ."

ಶಬಾನಾ ಮತ್ತು ಖುಷ್ಬೂ ಇಬ್ಬರೂ ಎದ್ದರು. ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತು. ಒಮ್ಮೆ ಅಡ್ಡ, ಒಮ್ಮೆ ಉದ್ದ, ಕೊನೆಗೆ ಕಾಲು ಬಿಚ್ಚಿ ಹೊರಗೆ ತಂದರು. ಖುಷ್ಬೂ ಕೈ ಒರೆಸಿಕೊಳ್ಳುತ್ತಾ ಒಳಗೆ ಹೋದಳು. ಫೋನ್ ಹಿಡಿದುಕೊಂಡು ಮತ್ತೆ ಹೊರಗೆ ಓಡಿ ಬಂದಳು.

"ಅಮ್ಮಾ. ಸಾಲಿಯವ್ರು ಎರಡು ಸಲ ಫೋನ್ ಮಾಡ್ಯಾರ."

ಅಜರುದ್ದೀನ್ ಹೆಮ್ಮೆಯಿಂದ ಹೇಳಿದ: "ಎರಡೂ ಸಲ ಕಟ್ ಮಾಡಿದೆ. ಕ್ಲಾಸು ನಿಲ್ಲಲಿಲ್ಲ!"

ಶಬಾನಾ ಕೈ ಎತ್ತಿದಳು. ಅವಳೇ ಕಲಿಸಿದ್ದನ್ನು ಅವನು ಮಾಡಿದ್ದ. ಕೈ ಇಳಿಸಿ ಫೋನ್ ಕಿತ್ತುಕೊಂಡಳು. ಆ ನಂಬರಿಗೆ ಮಾಡಿದಳು. ಬಿಜಿ. ಮತ್ತೆ ಮಾಡಿದಳು. ಬಿಜಿ. ಮುಂದಿನ ಹುಡುಗಿ, ಅದರ ಮುಂದಿನ ಹುಡುಗಿ ಈಗ ಯಾವುದೋ ಕೋಣೆಗಳಲ್ಲಿ ತಲೆ ಬಾಚಿಕೊಂಡು ಕೂತು ಉತ್ತರ ಕೊಡುತ್ತಿದ್ದಾರೆ. ಫೋನ್ ರಿಂಗಾಯಿತು. ಮುಸ್ತಾಕ್.

"ಇನ್ನಾ ಹೊಂಟಿಲ್ಲೇನು?"

"ಲೈನ್ ಬಿಡ್ರಿ!" ಅಂದು ಕತ್ತರಿಸಿದಳು. ಮತ್ತೆ ಬಿಜಿ.

"ಸಾಲಿ ಇದ ಊರಾಗ ಐತೆಲ್ಲಕ್ಕ," ಹಗ್ಗ ಬಿಗಿಯುತ್ತಿದ್ದ ಹುಲುಗೇಶ್ ಅಂದ. "ಗಾಡಿನೂ ನಿಂತೈತಿ."

ಶಬಾನಾ ಅತ್ತೆಯ ಕಡೆ ನೋಡಿದಳು. ಆ ದಾರಿ ಕುರುಗೋಡಿಗೆ ಪೂರ್ತಿ ಉಲ್ಟಾ. ಹೋದರೆ ಹೊಸ ಮನೆ ಸೇರುವಷ್ಟರಲ್ಲಿ ಚಂದ್ರ ಬಂದು ಮುಳುಗಿರುತ್ತದೆ. ಮಾಬುಬೀ ಮೊಣಕಾಲು ಹಿಡಿದು ಎದ್ದಳು, ಸೆರಗು ಸರಿಮಾಡಿಕೊಂಡಳು.

"ಕುರಾನು ಹೋಗೇತಿ, ಉಪ್ಪು ಹೋಗೇತಿ, ಮಗ ಹೋಗ್ಯಾನ. ಮನಿ ಹೊಕ್ಕಂಗ ಆತು. ನಾವು ಉಳಿದ ಸಾಮಾನು. ಸಾಮಾನಿಗೆ ಯಾವ ತೇಜಿ? ನಡೀರಿ."

ಮಾಬುಬೀ ಮತ್ತು ಮಕ್ಕಳು ಹಿಂದೆ, ಹಾಸಿಗೆಯ ಮೇಲೆ ಕೂತರು. ಶಬಾನಾ ಮುಂದೆ ಕೂತು ದಾರಿಯುದ್ದಕ್ಕೂ ಅದೇ ನಂಬರನ್ನು ಒತ್ತಿದಳು. ಬಿಜಿ ಹೋಗಿ, ಈಗ ಯಾರೂ ಎತ್ತುತ್ತಿರಲಿಲ್ಲ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಶಾಲೆಯ ಗೇಟಿಗೆ ಬೀಗ. ಶಬಾನಾ ಫೋನನ್ನು ಹಿಂದಿದ್ದ ಖುಷ್ಬೂಗೆ ಕೊಟ್ಟು ಇಳಿದಳು. ಒಳಗೆ ಕುರ್ಚಿ ಹಾಕಿಕೊಂಡಿದ್ದ ಕಾವಲುಗಾರ ಚಿದಾನಂದಪ್ಪ ಮಾಸ್ಕನ್ನು ಮೂಗಿನ ಮೇಲೆ ಏರಿಸಿದ.

"ಎಲ್ಲ ಫೋನಿನ್ಯಾಗರಿ ತಾಯಿ. ಒಳಗ ಯಾರ್ನೂ ಬಿಡಂಗಿಲ್ಲ."

"ಫೋನಿನ್ಯಾಗ ತಪ್ಪೇತಿ ಅಣ್ಣಾ. ನಮ್ದ ತಪ್ಪು. ಒಂದ ಮಾತು ಮೇಡಮ್ಮಾರಿಗೆ ಹೇಳ್ರಿ."

"ತಪ್ಪಿದವ್ರೆಲ್ಲ ಬಂದ್ರ ನಾ ಗೇಟ್ ಯಾಕ ಹಾಕ್ಕೊಂಡು ಕುಂದ್ರಲಿ?"

"ತಪ್ಪಿದವ್ರು ಎಷ್ಟು ಮಂದಿ ಬಂದಾರಪ್ಪ?" ಆಟೊದ ಮೇಲಿನಿಂದ ಮಾಬುಬೀ ಕೇಳಿದಳು. ಚಿದಾನಂದಪ್ಪ ರಸ್ತೆ ನೋಡಿದ. ಯಾರೂ ಇರಲಿಲ್ಲ.

ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಚೀಲ ಹಿಡಿದು ಮನೆಗೆ ಹೊರಟು ಬಂದರು. ಗೇಟಿನಾಚೆ ಮಂಚ, ಕೊಡಗಳು, ಹಾಸಿಗೆ, ಅದರ ಮೇಲೆ ಒಬ್ಬ ಮುದುಕಿ ಮತ್ತು ಇಬ್ಬರು ಮಕ್ಕಳು.

"ಏನಿದು? ಮನಿ ಸಮೇತ ಬಂದೀರಲ್ಲ?"

ಶಬಾನಾ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಹೋಯಿತು. "ಹೌದ್ರಿ ಮೇಡಮ್," ಅಂದಳು. "ಬ್ಯಾರೆ ಎಲ್ಲಿ ಬಿಟ್ಟು ಬರಾಕ ಆಗಲಿಲ್ಲ."

ಮೇಡಮ್ಮು ಗಡಿಯಾರ ನೋಡಿಕೊಂಡರು. ನಿಟ್ಟುಸಿರು ಬಿಟ್ಟರು. "ಹುಡುಗಿ ಒಬ್ಬಾಕಿನ್ನ ಕಳಿಸ್ರಿ. ಮಾಸ್ಕ್ ಹಾಕ್ಕೊಂಡು."

ಗೇಟು ಒಬ್ಬರು ನುಸುಳುವಷ್ಟು ತೆರೆಯಿತು. ಖುಷ್ಬೂ ಫೋನ್ ಹಿಡಿದುಕೊಂಡೇ ಒಳಗೆ ಹೋದಳು. ಅವಳಿಗೆ ಅದನ್ನು ಕೊಟ್ಟುಹೋಗಲು ನೆನಪಾಗಲಿಲ್ಲ, ಅಮ್ಮನಿಗೆ ಕೇಳಲು. ಶಬಾನಾ ಕಂಬಿ ಹಿಡಿದು ನಿಂತಳು. ಅಷ್ಟು ತಿಂಗಳ ನಂತರ ಮಗಳು ಒಂದು ಶಾಲೆಯೊಳಗೆ ನಡೆದು ಹೋಗುತ್ತಿದ್ದಳು. ಮೈದಾನ ದೊಡ್ಡದಿತ್ತು. ಮಂಚ ಹೊರುವಾಗ ಹತ್ತಿದ ಸುಣ್ಣ ಅವಳ ಬೆನ್ನಿಗೆ ಹಾಗೇ ಇತ್ತು; ಈಗ ಕೂಗಿ ಹೇಳಿದರೆ ಇನ್ನೂ ಗಾಬರಿಯಾಗುತ್ತಾಳೆ. ಪಡುವಣ ಕೆಂಪಾಯಿತು. ಮಾಬುಬೀ ಆ ಕಡೆಗೆ ಬೆನ್ನು ಮಾಡಿ ಕೂತಳು.

ಖುಷ್ಬೂ ವಾಪಸ್ಸು ಬಂದದ್ದು ಓಡುತ್ತಾ ಅಲ್ಲ.

"ಸೀಟು ಕೊಟ್ಟಾರ."

"ಯಾ ಅಲ್ಲಾ!" ಮಾಬುಬೀ ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಹುಲುಗೇಶ್ ಹಾರ್ನ್ ಬಾರಿಸಿದ. ಶಬಾನಾ ಮಗಳ ಮುಖವನ್ನೇ ನೋಡಿದಳು.

"ಮತ್ತೇನು?"

"ಹಾಸ್ಟೆಲ್ ತೆಗೆಯೋಮಟ ಫೋನಿನ್ಯಾಗ ಕ್ಲಾಸಂತ. ಮುಂಜಾಲಿಂದ ಸಂಜೀಮಟ. ಹಾಜರಿ ಕಮ್ಮಿ ಆದ್ರ ಸೀಟು ಬ್ಯಾರೆಯವ್ರಿಗೆ. ನಿಂದಂತ ಬ್ಯಾರೆ ಫೋನ್ ಐತೇನು ಅಂತ ಕೇಳಿದ್ರು."

"ಏನಂದಿ?"

"ಐತಿ ಅಂದೆ. ಕೈಯಾಗ ಇತ್ತಲ್ಲ, ತೋರ್ಸಿದೆ."

ಅಜರುದ್ದೀನ್ ಅಕ್ಕನನ್ನು ನೋಡಿದ, ಫೋನನ್ನು ನೋಡಿದ. "ಹಂಗಾರ ನನ್ ಕ್ಲಾಸು?"

"ಮೊದ್ಲು ಅಕ್ಕಗ ಜಾಗ ಬಿಡು, ಹತ್ತಲಿ," ಮಾಬುಬೀ ಅಂದಳು.

ಆಟೊ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಶಬಾನಾ ಹುಲುಗೇಶನ ಜೇಬಿನ ಕಡೆ ನೋಡಿದಳು.

"ನಿನ್ ಫೋನು ಎಷ್ಟು ಹಳೇದಪ್ಪ?"

"ಇದಾ? ಗಾಜು ಒಡದು ಚೂರಾಗೇತಕ್ಕ. ರಬ್ಬರ್ ಹಾಕಿ ನಿಲ್ಸೀನಿ."

"ಟೀಚರ್ ಮುಖ ಕಾಣ್ತದೇನು? ಮಾತು ಕೇಳ್ತದೇನು?"

ಹುಲುಗೇಶ್ ಜೋರಾಗಿ ನಕ್ಕ. ಶಬಾನಾ ನಗಲಿಲ್ಲ. ಅವನು ನಗು ಮುಗಿಸಿ ಉತ್ತರ ಹೇಳಲಿ ಎಂದು ಕಾಯುತ್ತಾ ಕೂತಳು.