ಮಿರುಗದ ಕೆನ್ನೆ

"ಹೆಣಕ್ಕೆ ಎಣ್ಣೆ ಸವರಿದ ಹಾಗಿದೆಯಲ್ಲಪ್ಪ," ಎಂದ ಮುದುಕ ದಳಪತಿ ಲುಕಾ ಪ್ರೊಹೊರಿಚ್, ಅಮೃತಶಿಲೆಯಲ್ಲಿ ಕಡೆದ ತನ್ನದೇ ಮುಖವನ್ನು ದಿಟ್ಟಿಸುತ್ತಾ.

ಅದನ್ನು ಕಡೆದ ಸಾವ್ವಾ ಗಾಬರಿಯಿಂದ ಬಾಗಿಲತ್ತ ನೋಡಿದ. ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಕಲಾ ಅಕಾಡೆಮಿಯ ಪರೀಕ್ಷಕರು ಬರುವವರಿದ್ದರು. ಅವರು ಮೆಚ್ಚಿದರೆ ಶಿಲ್ಪಿಯೆಂಬ ಪದವಿ. ಮೆಚ್ಚದಿದ್ದರೆ ಹೆಡೆಮುರಿ ಕಟ್ಟಿ ಪೀಟರ್ಸ್‌ಬರ್ಗಿನಿಂದ ಬಿಳಿ ಸಮುದ್ರದ ದಡಕ್ಕೆ ವಾಪಸು. ತೆರಿಗೆ ಕಟ್ಟಬೇಕಾದ ಊರಿನ ರೈತರ ಪಟ್ಟಿಯಲ್ಲಿ ಅವನು ಇನ್ನೂ ಅಪ್ಪಣೆಯಿಲ್ಲದೆ ಓಡಿಹೋದವನೇ.

ಮುದುಕ ಹೇಳಿದ್ದು ಸುಳ್ಳಲ್ಲ. ಸಾವ್ವಾನ ಅಜ್ಜ, ಅಪ್ಪ ಎಲ್ಲ ವಾಲ್ರಸ್ ಎಂಬ ಕಡಲಪ್ರಾಣಿಯ ದಂತ ಕೊರೆದು ಬಾಳಿದವರು. ಹೊಳಪು ಬರುವವರೆಗೆ ದಂತವನ್ನು ಅವರ ಕಡೆ ಯಾರೂ ಕೈಯಿಂದ ಕೆಳಗಿಡುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಕಲ್ಲಿಗೂ ಸುಣ್ಣದ ಪುಡಿ ಹಾಕಿ ಉಜ್ಜಿಸಿದ್ದ. ಉಜ್ಜಿದವಳು ಹೆಂಡತಿ ಫೆಕ್ಲಾ, ಮೂರು ವಾರ. ಮುದುಕನ ಸಿಡುಬಿನ ಗುಳಿ, ಕಣ್ಣಡಿಯ ಜೋಲು, ಎಲ್ಲ ಆ ಥಳಥಳದಲ್ಲಿ ಮುಳುಗಿಹೋಗಿದ್ದವು.

ಆ ಹೊಳಪು ಕೆರೆಯಲು ಸಾವ್ವಾ ಮರಳುಗಲ್ಲಿನ ಚೂರು ಹಿಡಿದು ಬಂದದ್ದೇ ಫೆಕ್ಲಾ ಅಡ್ಡ ನಿಂತಳು.

"ತಲೆ ನೆಟ್ಟಗಿದೆಯೇನ್ರೀ ನಿಮಗೆ? ನನ್ನ ಬೆರಳು ನೋಡಿ, ಉಗುರೇ ಉಳಿದಿಲ್ಲ."

"ನೋಡಿದೀನಿ ಕಣೇ. ಆದ್ರೆ ದಂತಕ್ಕೆ ಚರ್ಮ ಇಲ್ಲ, ಈ ದಳಪತಿಗಳ ಮುಖಕ್ಕಿದೆ. ದಾರಿ ಬಿಡು."

ನಿಮ್ಮ ವಂಶಕ್ಕೇ ಹುಚ್ಚು ಎಂದು ಬೈಯುತ್ತಲೇ ಅವಳು ಅಂಗಿಯ ತೋಳು ಮಡಚಿ ಇನ್ನೊಂದು ಚೂರು ಎತ್ತಿಕೊಂಡಳು. ತುಟಿ ಮತ್ತು ಎದೆಯ ಮೇಲಿನ ರೇಷ್ಮೆ ಪಟ್ಟಿಯ ಹೊಳಪು ಇರಲಿ, ಉಳಿದದ್ದೆಲ್ಲ ಮಂಕಾಗಲಿ ಎಂದ ಸಾವ್ವಾ. ಕಲ್ಲು ಕಿರಗುಟ್ಟಿತು, ನೀರು ಹಾಲಾಗಿ ಹರಿಯಿತು. ಹಣೆ ಬಂತು. ಎಡಗೆನ್ನೆಯ ಗುಳಿಗಳು ಒಂದೊಂದಾಗಿ ಮೇಲೆದ್ದವು. ಪರೀಕ್ಷಕರ ಭಯ ಹಾಗೇ ಇತ್ತು, ಆದರೂ ಸಾವ್ವಾನಿಗೆ ಕುಣಿಯುವಷ್ಟು ಖುಷಿ. ಕೋಟೆಗೆ ಲಗ್ಗೆ ಹಾಕಿಸುವವನಂತೆ ಮುದುಕ ಕಿಟಕಿಯ ಬಳಿಯ ಕುರ್ಚಿಯಿಂದಲೇ ಎಡಕ್ಕೆ, ಬಲಕ್ಕೆ ಎಂದು ಅಪ್ಪಣೆ ಕೊಡುತ್ತಿದ್ದ.

ಬಲಗೆನ್ನೆ ಮುಟ್ಟುವ ಮೊದಲೇ ಮಧ್ಯಾಹ್ನದ ಗಂಟೆ ಬಡಿಯಿತು. ಮೆಟ್ಟಿಲ ಮೇಲೆ ಬೂಟುಗಳ ಸದ್ದು.

ಮೂವರು ಬಂದರು. ಸಾವ್ವಾನನ್ನು ಎಲುಬು ಕೊರೆಯೋನು ಎಂದೇ ಕರೆಯುತ್ತಿದ್ದ ಹಿರಿಯ ಪರೀಕ್ಷಕ ಮುಂದೆ. ಮಿರುಗುವ ಬಲಗೆನ್ನೆ ನೋಡಿ ಅವನ ತುಟಿ ಕೊಂಕಿತು. ಸುತ್ತಿ ಎಡಕ್ಕೆ ಬಂದವನು ಅಲ್ಲೇ ನಿಂತ. ಕೈಗವಸು ಕಳಚಿ ಬೆರಳು ಚಾಚಿ, ಅನುಮತಿಯಿಲ್ಲದೆ ಜೀವಂತ ಕೆನ್ನೆ ಮುಟ್ಟಹೊರಟವನಂತೆ ಹಿಂದೆಗೆದು, ಕಿಟಕಿಯ ಬಳಿಯ ಮುದುಕನತ್ತ ತಿರುಗಿದ.

"ಮುಟ್ಟಬಹುದೇ, ದಳಪತಿಗಳೇ?"

ಮುದುಕ ಕೋಟಿನ ಮೇಲಿನ ಗುಂಡಿ ಹಾಕಿಕೊಂಡು, ನೆಟ್ಟಗೆ ಕುಳಿತು ತಲೆಯಾಡಿಸಿದ. ಪರೀಕ್ಷಕನ ಬೆರಳು ಕಲ್ಲಿನ ಕೆನ್ನೆಯ ಗುಳಿಗಳ ಮೇಲೆ ಮೆಲ್ಲಗೆ ಇಳಿಯಿತು.