ಪೆನ್‌ವಾರ್ನಿಕ್ ದಾಯಾದಿಗಳು

ಹುಡುಗನ ಹೆಸರು ಲಾಕ್ಲನ್ ಪೆನ್‌ವಾರ್ನಿಕ್ ಎಂದು ಮಗಳು ಗೌತಮಿ ಮೊದಲ ಸಲ ಹೇಳಿದಾಗ ಉದಯಶಂಕರ್ ಅವನ ಕೆಲಸ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. "ಪೆನ್‌ವಾರ್ನಿಕ್ ಅಂದ್ರೆ ಯಾವ ಕಡೆಯವರು?" ಎಂದರು. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿ ಮನೆ ಕಟ್ಟಿಸಿ, ಹಿತ್ತಲಲ್ಲಿ ಬಾರ್ಬಿ ಎಂಬ ಸುಡುವ ಒಲೆ ಹಚ್ಚಿ ಬದನೆಕಾಯಿ ಸುಡುವಷ್ಟು ಆಸ್ಟ್ರೇಲಿಯದವರಾಗಿದ್ದರೂ ಈ ಎಂಜಿನಿಯರ್ ಮಹಾಶಯರ ಅರ್ಧ ತಲೆ ಇನ್ನೂ ಮೈಸೂರಿನ ಅಗ್ರಹಾರದ ಜಗಲಿಯ ಮೇಲೆಯೇ ಕೂತಿತ್ತು.

"ಕಾರ್ನ್‌ವಾಲ್, ಐ ಥಿಂಕ್. ವೈ, ಅಪ್ಪ?" ಎಂದಳು ಗೌತಮಿ.

ಅಷ್ಟು ಸಾಕಾಯಿತು. ಆವತ್ತೇ ಕಂಪ್ಯೂಟರಿನ ಮುಂದೆ ಕೂತವರು ಒಂದು ವಾರ ಊಟಕ್ಕೂ ಕರೆಸಿಕೊಂಡು ಎದ್ದರು. ಪೆನ್‌ವಾರ್ನಿಕ್ ಎಂಬ ಹೆಸರಿನವರು ಇಡೀ ಬ್ರಿಟನ್ನಿನಲ್ಲಿ ಬೆರಳೆಣಿಕೆಯಷ್ಟು ಜನ. ಎಲ್ಲರ ಬೇರೂ ಕಾರ್ನ್‌ವಾಲಿನ ತವರದ ಗಣಿಯ ಒಂದೇ ಹಳ್ಳಿಯಲ್ಲಿ. ಗಣಿ ಬಡವಾದಾಗ ಅಣ್ಣತಮ್ಮಂದಿರಿಬ್ಬರು ಹಡಗು ಹತ್ತಿ ಅಡಿಲೇಡಿಗೆ ಬಂದರು, ಅಲ್ಲಿಂದ ಒಬ್ಬನ ಸಂತಾನ ಪಶ್ಚಿಮಕ್ಕೆ ಹೋಗಿ ದನ ಸಾಕಿ ದೊಡ್ಡ ಮನೆತನವಾಯಿತು. ಒಂದು ಹೆಸರು, ಒಂದು ಊರು, ಒಬ್ಬ ಮೂಲಪುರುಷ! ಉದಯಶಂಕರ್ ಹಿಗ್ಗಿ ಹೀರೇಕಾಯಿಯಾದರು. ಇದು ಗೋತ್ರವಲ್ಲದೆ ಇನ್ನೇನು?

ಈ ಹಿಗ್ಗಿಗೆ ಒಂದು ಕಾರಣವೂ ಇತ್ತು. ಮೈಸೂರಿನಲ್ಲಿದ್ದ ಅಕ್ಕ ಇಂದಿರಮ್ಮ ಆ ಮನೆತನದ ಹೈಕೋರ್ಟು. ತಾಯಿ ಸತ್ತ ಮೇಲೆ ಉದಯಶಂಕರರನ್ನು ಸಾಕಿ ಓದಿಸಿದವರು ಅವರು. ಅಕ್ಕ ಒಲ್ಲೆ ಅಂದ ಮದುವೆಯನ್ನು ಮಾಡುವ ಎದೆಗಾರಿಕೆ ತಮ್ಮನಿಗಿರಲಿಲ್ಲ. ಪರದೇಶದ ಹುಡುಗ ಎಂದಾಗಲೇ ಅವರು ಮೂಗು ಮುರಿದಿದ್ದರು. "ಕುಲ ಗೋತ್ರ ಏನಾದ್ರೂ ಇದ್ಯೇನೋ ಅವ್ರಿಗೆ, ಇಲ್ಲ ನಿನ್ನೆ ಮೊನ್ನೆ ಎದ್ದವ್ರೋ?" ಎಂದು ಕೇಳಿದ್ದರು. ಉದಯಶಂಕರ್ ಫೋನಿನಲ್ಲಿ ಕಾರ್ನ್‌ವಾಲಿನ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದರು. ಆಮೇಲೆ, "ಹಳೇ ಮನೆತನ ಅನ್ನು. ಹಾಗಿದ್ರೆ ಆಗ್ಲಿ," ಎಂದು ತೀರ್ಪು ಬಂತು. ಮಗಳ ಮದುವೆಗೆ ಆಧಾರ ಈ ಒಂದು ಮಾತೇ.

ಉಳಿದದ್ದು ಪುರೋಹಿತರ ತಕರಾರು. ಮಹಾಬಲೇಶ್ವರ ವಾರವೆಲ್ಲ ಕಂಪ್ಯೂಟರ್ ಕೆಲಸ ಮಾಡಿ ಶನಿವಾರ ಭಾನುವಾರ ಪಂಚೆ ಉಡುವ ಪುರೋಹಿತ. "ಗೋತ್ರ ಇಲ್ದಿದ್ರೆ ಕಾಶ್ಯಪ ಅಂದ್ಬಿಡೋಣ ಸರ್, ಅದು ಎಲ್ರಿಗೂ ಆಗತ್ತೆ. ಆದ್ರೆ ಕನ್ಯಾದಾನಕ್ಕೆ ಮೂರು ತಲೆಮಾರು ಬೇಕೇ ಬೇಕು. ಇಂಥವರ ಮರಿಮಗ, ಇಂಥವರ ಮೊಮ್ಮಗ, ಇಂಥವರ ಮಗ ಅಂತ ಮೂರು ಸಲ ಹೇಳ್ಬೇಕು," ಎಂದ.

ನೋಡಲಿಕ್ಕೆ ಬಿಳಿಯನಂತೆಯೇ ಇದ್ದ ಲಾಕ್ಲನ್‌ನನ್ನು ಕೇಳಿದರೆ ತಂದೆ ಡೇವಿಡ್ ಎಂದ. ತೀರಿಕೊಂಡು ಹತ್ತು ವರ್ಷವಾಗಿತ್ತು. ತಾತ ರಾಯ್, ಅವನನ್ನು ಬೆಳೆಸಿದವರು, ಅಡಿಲೇಡಿನ ಗ್ಲೆನೆಲ್ಗ್‌ನಲ್ಲಿದ್ದಾರೆ. ಅದರ ಹಿಂದಿನದು ತಾತನನ್ನೇ ಕೇಳಬೇಕು, ಅವರು ಹುಟ್ಟಿದ್ದು ಪಶ್ಚಿಮ ಆಸ್ಟ್ರೇಲಿಯದ ಉತ್ತರಕ್ಕಿರುವ ಕಿಂಬರ್ಲಿಯ ಒಂದು ದನದ ಸ್ಟೇಷನ್ನಿನಲ್ಲಿ ಎಂದ. ಸ್ಟೇಷನ್ ಎಂದರೆ ನಮ್ಮ ಒಂದು ತಾಲ್ಲೂಕಿನಷ್ಟು ನೆಲದಲ್ಲಿ ದನ ಮೇಯಿಸುವ ಎಸ್ಟೇಟು. ಉದಯಶಂಕರರ ಕಣ್ಣ ಮುಂದೆ ಟೋಪಿ ಹಾಕಿ ಕುದುರೆಯ ಮೇಲೆ ಕೂತ ಜಮೀನ್ದಾರರೊಬ್ಬರು ಬಂದು ನಿಂತರು. ಮುಂದೆ ಕೇಳುವುದೇ ಬೇಡವಾಯಿತು.

ಅಷ್ಟರಲ್ಲಿ ಪರ್ತ್‌ನಲ್ಲಿ ಮಾರ್ಜರಿ ಪೆನ್‌ವಾರ್ನಿಕ್ ಎಂಬ ಹಿರಿಯ ಹೆಂಗಸು ಈ ಒಂದೇ ಹೆಸರಿನ ಬೆನ್ನು ಹತ್ತಿ ಆಯಸ್ಸು ಕಳೆದಿದ್ದಾರೆ ಎಂಬುದು ತಿಳಿಯಿತು. ಉದಯಶಂಕರರ ತಲೆಯಲ್ಲಿ ದೀಪ ಹತ್ತಿತು. ಹೆಸರು ಒಂದೇ ಎಂದ ಮೇಲೆ ಅವರು ಹುಡುಗನ ದಾಯಾದಿಗಳು. ದಾಯಾದಿಗಳನ್ನು ಕರೆಯದೆ ಮದುವೆ ಮಾಡುವುದುಂಟೇ? ಅದೂ ಇಮೇಲಿನಲ್ಲಲ್ಲ, ಮನೆಗೇ ಹೋಗಿ, ಕುಂಕುಮ ಅಕ್ಷತೆ ಕೊಟ್ಟು ಕರೆಯಬೇಕು. ಮುತ್ತಜ್ಜನ ಹೆಸರೂ ಅಲ್ಲೇ ಸಿಕ್ಕಿಬಿಡುತ್ತದೆ. ವಾಪಸು ಬರುವಾಗ ಅಡಿಲೇಡಿನಲ್ಲಿಳಿದು ರಾಯ್ ಅವರನ್ನೂ ಕರೆದು ಬರುವುದು.

"ಪರ್ತ್‌ಗೆ ಯಾಕ್ರೀ?" ಎಂದರು ಹೆಂಡತಿ ಸರಸ್ವತಿ. "ರಾಯ್ ಅವ್ರನ್ನ ಕರೆದ್ರೆ ಸಾಲ್ದಾ?"

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಸರಸ್ವತಿ ಏನೋ ಹೇಳಲು ಬಾಯಿ ತೆರೆದವರು ಬೆಳ್ಳಿಯ ಕುಂಕುಮದ ಭರಣಿಯನ್ನು ಚೀಲಕ್ಕೆ ಹಾಕಿ ಒಳಗೆ ಹೋದರು. ತೆಂಗಿನಕಾಯಿಯನ್ನೂ ಇಟ್ಟಿದ್ದರು. ಹಣ್ಣುಕಾಯಿ ತರಬಾರದೆಂದು ಪರ್ತ್ ವಿಮಾನ ನಿಲ್ದಾಣದಲ್ಲಿ ದೊಡ್ಡ ಬೋರ್ಡು ಕಂಡು ಉದಯಶಂಕರ್ ಹೆದರಿ ತಾವೇ ಅದನ್ನು ಅಲ್ಲಿನ ಡಬ್ಬಿಗೆ ಹಾಕಿಬಿಟ್ಟರು. ಶುಭಕಾರ್ಯಕ್ಕೆ ಹೊರಟು ಕಾಯಿ ಕಸಕ್ಕೆ ಹಾಕಿದೆನಲ್ಲ ಎಂದು ಮನಸ್ಸು ಒಂದು ಗಳಿಗೆ ಅಳುಕಿತು.

ಮಾರ್ಜರಿಯ ಮನೆ ನೆಡ್‌ಲ್ಯಾಂಡ್ಸ್‌ನಲ್ಲಿ, ಗುಲಾಬಿ ತೋಟದ ನಡುವೆ. ಎಂಬತ್ತರ ಹೆಂಗಸು, ನೆಟ್ಟಗೆ ನಿಂತಿದ್ದರು. ಅವರ ಮುಖ ನೋಡಿದ್ದೇ ಉದಯಶಂಕರರಿಗೆ ಕುಣಿಯುವಂತಾಯಿತು. ಮಧ್ಯದಲ್ಲಿ ಸಣ್ಣಗೆ ಉಬ್ಬಿ ತುದಿಯಲ್ಲಿ ಎಡಕ್ಕೆ ತಿರುಗಿದ ಆ ಮೂಗು! ಲಾಕ್ಲನ್ನನ ಮೂಗನ್ನೇ ಕಿತ್ತು ಅಂಟಿಸಿದಂತಿತ್ತು.

ಟೀ ಬಂತು, ಬಿಸ್ಕತ್ತು ಬಂತು. ಗೋಡೆಯ ತುಂಬ ಭೂಪಟ. ಕಾರ್ನ್‌ವಾಲಿನಲ್ಲಿ ಹಸಿರು ಪಿನ್ನುಗಳ ಒಂದು ಗುಂಪು, ಅಡಿಲೇಡಿನ ಸುತ್ತ ಮೂರು ನಾಲ್ಕು, ಪರ್ತ್‌ನಲ್ಲಿ ಎರಡು. ಆದರೆ ಉತ್ತರದ ಕಿಂಬರ್ಲಿಯಲ್ಲಿ, ಅಲ್ಲಿಂದ ಡಾರ್ವಿನ್ ಕಡೆಗೆ, ಕೆಳಗೆ ಅಡಿಲೇಡಿನವರೆಗೆ ಕೆಂಪು ಪಿನ್ನುಗಳು ರಾಗಿ ಚೆಲ್ಲಿದ ಹಾಗೆ ಹರಡಿದ್ದವು.

"ಅಬ್ಬಾ, ಎಷ್ಟು ಬೆಳೆದ ವಂಶ!" ಎಂದರು ಉದಯಶಂಕರ್. "ನಮ್ಮ ಹುಡುಗ ಇದರಲ್ಲಿ ಯಾವುದು? ಗ್ಲೆನೆಲ್ಗ್‌ನ ರಾಯ್ ಅವರ ಮೊಮ್ಮಗ."

ಮಾರ್ಜರಿಯ ಕೈಯ ಕಪ್ಪು ತಟ್ಟೆಗೆ ಇಳಿಯಿತು. "ಓ, ಅವರಾ. ಅವರು ಕೆಂಪು."

"ಅಂದರೆ?"

"ಅಂದರೆ ಅವರು ನಮ್ಮವರಲ್ಲ." ಆಕೆ ಅಂಗಡಿಯ ಸಾಮಾನಿನ ಬಗ್ಗೆ ಹೇಳುವಂತೆ ಹೇಳಿದರು. "ನಮ್ಮ ತಾತನ ಸ್ಟೇಷನ್ನಿನಲ್ಲಿದ್ದ ಕರಿಯರು, ಇಲ್ಲಿಯ ಮೂಲನಿವಾಸಿಗಳು. ಅವರಿಗೆ ಮನೆತನದ ಹೆಸರು ಎಂಬುದು ಇರಲಿಲ್ಲ ನೋಡಿ. ಸರ್ಕಾರದವರು ಬಂದಾಗ ಬರೆದುಕೊಳ್ಳಲಿಕ್ಕೆ ಏನಾದರೂ ಬೇಕಲ್ಲ. ದನಗಳಿಗೆ ಹಾಕುತ್ತಿದ್ದ ಮುದ್ರೆಯ ಹೆಸರನ್ನೇ ಇವರಿಗೂ ಇಟ್ಟರು. ಆ ರಾಯ್‌ನನ್ನು ಚಿಕ್ಕವನಿದ್ದಾಗಲೇ ಪೊಲೀಸರು ತಾಯಿಯ ಹತ್ತಿರದಿಂದ ಎತ್ತಿಕೊಂಡು ಹೋಗಿ ಪಾದ್ರಿಗಳ ಮಿಷನ್ನಿಗೆ ಬಿಟ್ಟರು. ಆ ಜನರ ಮಕ್ಕಳನ್ನು ಬಿಳಿಯರಂತೆ ಬೆಳೆಸಲಿಕ್ಕೆ ಸರ್ಕಾರ ಆಗ ಹಾಗೆ ಮಾಡುತ್ತಿತ್ತು. ನಮ್ಮ ಹೆಸರನ್ನು ಮಾತ್ರ ಅವನು ಇಟ್ಟುಕೊಂಡ. ನಿಜವಾದ ಪೆನ್‌ವಾರ್ನಿಕ್‌ಗಳು ಈ ದೇಶದಲ್ಲಿ ನನ್ನೊಂದಿಗೆ ಮುಗಿದ ಹಾಗೆಯೇ." ಆಮೇಲೆ ಬಿಸ್ಕತ್ತಿನ ತಟ್ಟೆಯನ್ನು ಮುಂದೆ ತಳ್ಳಿದರು.

ಮಗುವನ್ನು ಎತ್ತಿಕೊಂಡು ಹೋದರು ಎಂಬ ಮಾತನ್ನು ಟೀ ಕುಡಿಯುತ್ತ ಹೇಳಿದ ಈ ಹೆಂಗಸಿನ ಮೇಲೆ ಉದಯಶಂಕರರಿಗೆ ಅಸಹ್ಯವಾಯಿತು. ಅದು ಅವರ ಮರ್ಯಾದೆಗೆ ತಕ್ಕದ್ದೇ. ಆದರೆ ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು: ಅಕ್ಕನಿಗೆ ಏನು ಹೇಳಲಿ? ಆ ಹೆಂಗಸಿಗೂ ತಮಗೂ ಎಷ್ಟು ದೂರ ಎಂದು ಅವರಿಗೇ ಗೊತ್ತಾಗಲಿಲ್ಲ. ಭರಣಿಯನ್ನು ಚೀಲದಿಂದ ತೆಗೆಯದೆಯೇ ಎದ್ದು ಬಂದರು.

ವಿಮಾನ ನಿಲ್ದಾಣದಿಂದ ಮನೆಗೆ ಫೋನ್ ಮಾಡಿದರು. ತೊದಲುತ್ತ ಎಲ್ಲ ಹೇಳಿದರು. ಸರಸ್ವತಿ ಅಯ್ಯೋ ಎನ್ನಲಿಲ್ಲ, ಹೌದಾ ಎನ್ನಲಿಲ್ಲ.

"ನನಗೆ ಗೊತ್ತಿತ್ತು," ಎಂದರು.

"ಏನು?"

"ಗೌತಮಿಗೂ ಗೊತ್ತು. ಲಾಕಿ ಮೊದಲ್ನೇ ದಿನಾನೇ ಹೇಳಿದ್ನಂತೆ. ಅವನೇನು ಮುಚ್ಚಿಟ್ಟಿಲ್ಲ. ನೀವು ಅವನ ಹೆಸರಿನ ಬಗ್ಗೆ ಕೇಳಿದ್ರಿ, ಅವನ ಬಗ್ಗೆ ಎಲ್ಲಿ ಕೇಳಿದ್ರಿ?"

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ, ಸರಸ್ವತಿ?"

"ಹೇಳಿದ್ರೆ ನಿಮ್ಮಕ್ಕ ಒಪ್ತಿದ್ರಾ? ಅವ್ರ ಮಾತು ಬಿಡಿ, ನೀವು ಒಪ್ತಿದ್ರಾ?"

ಒಪ್ಪುತ್ತಿದ್ದೆ ಎಂದರೆ ಸುಳ್ಳಾಗುತ್ತಿತ್ತು. ಮೂವತ್ತು ವರ್ಷ ಜೊತೆಗೆ ಉಂಡು ಮಲಗಿದವಳು ತನ್ನನ್ನು ಇಷ್ಟು ಸರಿಯಾಗಿ ಅಳೆದಿದ್ದಾಳಲ್ಲ ಎಂಬುದು ಮಾರ್ಜರಿಯ ಮಾತಿಗಿಂತ ದೊಡ್ಡ ಪೆಟ್ಟಾಯಿತು.

"ನಾನು ಸೀದಾ ಬ್ರಿಸ್ಬೇನ್‌ಗೆ ಬಂದ್ಬಿಡ್ತೀನಿ. ಆಮೇಲೆ ಯೋಚ್ನೆ ಮಾಡೋಣ," ಎಂದರು.

"ಕರೆಯೋಕೆ ಅಂತ ಹೊರಟವ್ರು ಆ ಹಿರಿಯರ ಬಾಗಿಲಿಗೆ ಹೋಗ್ದೆ ಬಂದ್ರೆ ಈ ಮನೆ ಬಾಗಿಲು ನಾನು ತೆಗೆಯಲ್ಲ," ಎಂದು ಸರಸ್ವತಿ ಫೋನ್ ಇಟ್ಟರು.

ಹೀಗೆ, ಮನಸ್ಸಿನಿಂದಲ್ಲ, ಹೆಂಡತಿಯ ಹೆದರಿಕೆಯಿಂದ ಉದಯಶಂಕರ್ ಅಡಿಲೇಡಿನಲ್ಲಿ ಇಳಿದರು. ಟ್ರಾಮು ಹಿಡಿದು ಗ್ಲೆನೆಲ್ಗ್‌ಗೆ ಹೋದರು. ಸಮುದ್ರದ ಎದುರಿನ ಅಪಾರ್ಟ್‌ಮೆಂಟಿನ ಬಾಗಿಲು ತೆಗೆದವರು ಎತ್ತರದ ಆಳು, ಕಪ್ಪು ಬಣ್ಣ, ಬೆಳ್ಳಗಾದ ಗಡ್ಡ. ಕಾಲೇಜಿನಲ್ಲಿ ಮರಗೆಲಸ ಕಲಿಸುವ ಮೇಷ್ಟರಾಗಿದ್ದು ನಿವೃತ್ತರಾದವರು. ಧಾರವಾಡದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತರೆ ನಮ್ಮವರೇ ಅನ್ನಬೇಕು, ಹಾಗಿದ್ದರು.

"ಬಾ ಮಾರಾಯ. ಗೌತಮಿಯ ಅಪ್ಪ ಬರುತ್ತಾನೆ ಅಂತ ಬೆಳಿಗ್ಗೆಯಿಂದ ಅಂಗಿ ಇಸ್ತ್ರಿ ಮಾಡಿ ಕೂತಿದ್ದೇನೆ," ಎಂದು ರಾಯ್ ಕೈ ಹಿಡಿದು ಒಳಗೆ ಎಳೆದುಕೊಂಡರು.

ಪರ್ತ್‌ನಲ್ಲಿ ಮಾರ್ಜರಿಯನ್ನೂ ಅವರ ಕೆಂಪು ಪಿನ್ನಿನ ಭೂಪಟವನ್ನೂ ನೋಡಿ ಬಂದೆ ಎಂದರು ಉದಯಶಂಕರ್. ಬಾಯಿಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೆಯೇ ಹೊರಬಿತ್ತು. ಮದುವೆಯ ಮಂತ್ರಕ್ಕೆ ಮೂರು ತಲೆಮಾರು ಬೇಕು, ಹುಡುಗನ ಗೋತ್ರ ಬೇಕು ಎಂದರು.

"ಗೋತ್ರ ಅಂದರೇನು?"

"ಒಂದು ಮೂಲದವರು. ನಾನು ಭಾರದ್ವಾಜ. ಭಾರದ್ವಾಜರು ಭಾರದ್ವಾಜರನ್ನು ಮದುವೆಯಾಗುವ ಹಾಗಿಲ್ಲ. ಅಣ್ಣ ತಂಗಿ ಇದ್ದ ಹಾಗೆ."

ರಾಯ್ ತೊಡೆ ತಟ್ಟಿಕೊಂಡು ನಕ್ಕರು. "ಅಷ್ಟೇ ತಾನೇ? ನಮ್ಮಲ್ಲಿ ಅದಕ್ಕೆ ಸ್ಕಿನ್ ಅಂತೀವಿ. ಯಾರು ಯಾರನ್ನು ಮದುವೆಯಾಗಬಹುದು, ಯಾರ ಎದುರು ತಲೆ ತಗ್ಗಿಸಬೇಕು, ಎಲ್ಲ ಅದರಲ್ಲಿದೆ. ಬಿಳಿಯರಿಗೆ ಇದನ್ನು ವಿವರಿಸಿ ವಿವರಿಸಿ ನನ್ನ ನಾಲಿಗೆ ಸವೆದಿದೆ. ನಿನಗೆ ಒಂದು ಮಾತೂ ಹೇಳಬೇಕಾಗಿಲ್ಲ! ನಾನು ಜುಂಗುರ್ರ. ಮಿಷನ್ನಿನವರು ಅದನ್ನೂ ಮರೆಸಿದ್ದರು. ನಲವತ್ತು ದಾಟಿದ ಮೇಲೆ ವಾಪಸು ಹೋದಾಗ ಒಬ್ಬ ಮುದುಕಿ ನನ್ನ ಮುಖ ನೋಡಿ ನನ್ನ ತಾಯಿಯ ಹೆಸರು ಹೇಳಿ ಅತ್ತಳು. ನೀನು ಜುಂಗುರ್ರ, ನಿನ್ನ ಮಗನ ಮಗ ಮತ್ತೆ ಜುಂಗುರ್ರನೇ ಆಗುತ್ತಾನೆ ಎಂದಳು. ಲಾಕಿಯೂ ಅದೇ."

ಮೊಮ್ಮಗ ಅಜ್ಜನ ಕಡೆಗೇ ತಿರುಗಿ ಬರುತ್ತಾನೆ. ಉದಯಶಂಕರ್ ಎಂಬುದೂ ಅವರ ಅಜ್ಜನ ಹೆಸರೇ.

"ಮುತ್ತಜ್ಜನ ಹೆಸರು?" ಎಂದು ಮೆಲ್ಲಗೆ ಕೇಳಿದರು.

ರಾಯ್ ಸಮುದ್ರ ನೋಡಿದರು. "ಪರ್ತ್‌ನ ಆ ಹೆಂಗಸನ್ನು ನೋಡಿ ಬಂದೆ ಅಂದೆಯಲ್ಲ. ಅವಳ ಮೂಗು ನೋಡಿದೆಯಾ?"

ಉದಯಶಂಕರರ ಕಣ್ಣ ಮುಂದೆ ಲಾಕ್ಲನ್ನನ ಮೂಗು ಬಂದು ನಿಂತಿತು.

"ಅವಳ ತಾತನೇ ನನ್ನ ಅಪ್ಪ," ಎಂದರು ರಾಯ್. "ಸ್ಟೇಷನ್ನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತು, ಅದಕ್ಕೇ ಕೆಂಪು ಪಿನ್ನು. ಅವನ ಹೆಸರನ್ನು ನಿನ್ನ ಬೆಂಕಿಯ ಮುಂದೆ ಹೇಳಬೇಡ. ನನ್ನ ತಾಯಿಗೆ ಅವನು ಯಾವ ಬೆಂಕಿಯ ಮುಂದೆಯೂ ಏನೂ ಹೇಳಲಿಲ್ಲ." ಆಮೇಲೆ, "ನನ್ನನ್ನು ಎತ್ತಿಕೊಂಡು ಹೋದವರು ಕೇಳಲಿಲ್ಲ, ಮಿಷನ್ನಿನವರು ಕೇಳಲಿಲ್ಲ. ನೀನು ಯಾರ ಮಗ ಎಂದು ಕೇಳಿಕೊಂಡು ನನ್ನ ಬಾಗಿಲಿಗೆ ಬಂದ ಮೊದಲ ಮನುಷ್ಯ ನೀನು," ಎಂದರು.

ಉದಯಶಂಕರರಿಗೆ ಭೂಮಿಯೊಳಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ತಾನು ಬಂದದ್ದು ಅದಕ್ಕಲ್ಲ, ಮದುವೆ ಮುರಿಯುವುದೋ ಬಿಡುವುದೋ ಎಂದು ತೂಗಿಕೊಂಡು ಬಂದೆ ಎಂದು ಹೇಳಿಬಿಡಬೇಕೆನಿಸಿತು. ಅದರ ಬದಲು ಚೀಲದಿಂದ ಬೆಳ್ಳಿಯ ಭರಣಿ ತೆಗೆದರು, ಮುದುಕರ ಹಣೆಗೆ ಕುಂಕುಮವಿಟ್ಟರು, ಬೊಗಸೆಗೆ ಅಕ್ಷತೆ ಹಾಕಿದರು. ಬಗ್ಗಿ ಕಾಲು ಮುಟ್ಟಿದಾಗ ರಾಯ್ ಗಾಬರಿಯಾಗಿ, "ಏಯ್, ಏನು ಬಿತ್ತು?" ಎಂದು ನೆಲ ನೋಡಿದರು.

ಮದುವೆ ಬ್ರಿಸ್ಬೇನಿನಲ್ಲಿ ಆಯಿತು. ಮೈಸೂರಿನ ಮನೆಯಲ್ಲಿ ಇಂದಿರಮ್ಮ ಸ್ಕೈಪಿನ ಮುಂದೆ ಕೂತಿದ್ದರು. ಕನ್ಯಾದಾನದ ಹೊತ್ತಿಗೆ ಮಹಾಬಲೇಶ್ವರ ಕಾಶ್ಯಪ ಎನ್ನಲು ಹೊರಟವನನ್ನು ಉದಯಶಂಕರ್ ಕೈ ಎತ್ತಿ ತಡೆದರು. "ಜುಂಗುರ್ರ ಗೋತ್ರ," ಎಂದರು. ಮುತ್ತಜ್ಜನ ಜಾಗಕ್ಕೆ ಬಂದಾಗ ರಾಯ್ ಎದ್ದು ಬಂದು ಪುರೋಹಿತನ ಕಿವಿಯಲ್ಲಿ ಒಂದು ಹೆಸರು ಹೇಳಿದರು, ಹೆಂಗಸಿನ ಹೆಸರು. ಅದನ್ನು ಇಲ್ಲಿ ಬರೆಯುವಂತಿಲ್ಲ. ಡೇವಿಡ್‌ನಂಥ ಇಂಗ್ಲಿಷ್ ಹೆಸರಿನ ಮಾತು ಬೇರೆ, ಅವರಲ್ಲಿ ಸತ್ತವರ ಸ್ವಂತ ಭಾಷೆಯ ಹೆಸರನ್ನು ಹಾಗೆ ಎಲ್ಲೆಂದರಲ್ಲಿ ಆಡುವುದಿಲ್ಲ, ಆವತ್ತಿಗೆ ಮಾತ್ರ ರಾಯ್ ಒಪ್ಪಿದ್ದರು. ಮಹಾಬಲೇಶ್ವರ ಒಂದು ಗಳಿಗೆ ತಬ್ಬಿಬ್ಬಾದ. ಆಮೇಲೆ ಆ ತಾಯಿಯ ಮರಿಮಗ, ರಾಯ್‌ನ ಮೊಮ್ಮಗ, ಡೇವಿಡ್‌ನ ಮಗ ಎಂದು ಮೂರು ಸಲ ಗಟ್ಟಿಯಾಗಿ ಹೇಳಿದ. ಮೂರನೆಯ ಸಲಕ್ಕೆ ರಾಯ್ ಮಗುವಿನಂತೆ ಅತ್ತುಬಿಟ್ಟರು.

ಊಟ ಬಡಿಸುವ ಹೊತ್ತಿಗೇ ಮೈಸೂರಿನಿಂದ ಫೋನ್ ಬಂತು.

"ಅದೇನೋ ಅದು ಗೋತ್ರ? ನಾನು ಕೇಳೇ ಇಲ್ವಲ್ಲೋ. ಆ ಕರ್ರಗಿರೋ ಹಿರಿಯರು ಯಾರು? ಹಳೇ ಮನೆತನ ಅಂದಿದ್ದೆ?"

ಅಕ್ಕನ ಮಾತಿಗೆ ಜೀವಮಾನದಲ್ಲಿ ಎದುರಾಡದ ಉದಯಶಂಕರ್ ಬಾಗಿಲಿನಿಂದ ಇಣುಕಿದರು. ಒಳಗೆ ರಾಯ್ ಪಕ್ಕ ಕೂತು ಸರಸ್ವತಿ ಒಬ್ಬಟ್ಟಿಗೆ ತುಪ್ಪ ಹಾಕುತ್ತಿದ್ದರು.

"ಹುಡುಗನ ತಾತ, ಅಕ್ಕ. ಈ ದೇಶದ ಮೂಲದ ಜನ. ನಮ್ಮ ಗೋತ್ರಕ್ಕಿಂತ ಹಳೇದು ಅವರದ್ದು."

ಆ ಕಡೆಯಿಂದ ಮಾತು ಬರಲಿಲ್ಲ. ಫೋನ್ ಇಟ್ಟ ಸದ್ದೂ ಬರಲಿಲ್ಲ. ಉದಯಶಂಕರ್ ಅದನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದರು.